‘ನಾ ಯಾರು ಹೇಳು?’ ಎಂದು ಕೇಳದ ಮನೆ

ನಮ್ಮ ಕಡೆ ವಯಸ್ಸಾದವರು ಮೆತ್ತಗಾದರು ಅಂತ ಸುದ್ದಿ ಹಬ್ಬಿದರೆ ಜನ ಸುಮ್ಮನೆ ಕೂರುವುದಿಲ್ಲ. ಬಾಳೆಹಣ್ಣು, ಬ್ರೆಡ್ಡು ಹಿಡಿದುಕೊಂಡು ಮಾತಾಡಿಸಲು ಬರುತ್ತಾರೆ. ಬಂದವರು ಕಾಲಿಗೆ ನೀರು ಹಾಕಿಕೊಂಡು ನೇರ ಹಾಸಿಗೆಯ ಹತ್ತಿರ ಹೋಗುತ್ತಾರೆ. ಮುದುಕಿಯ ಗದ್ದ ಹಿಡಿದು, ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡು, ಒಂದೇ ಪ್ರಶ್ನೆ ಕೇಳುತ್ತಾರೆ.

“ನಾ ಯಾರು ಹೇಳು ನೋಡಾನ?”

ಗುರುತು ಹಿಡಿದರೆ ಬಂದವರ ಕಣ್ಣಲ್ಲಿ ನೀರು. “ಎಲ್ಲಾರ್ನೂ ಮರ್ತಾಳ, ನನ್ ಮರ್ತಿಲ್ಲ ನೋಡವ್ವಾ” ಅಂತ ಊರಿಗೆ ಹೋಗಿ ಹೇಳಿಕೊಳ್ಳುತ್ತಾರೆ. ಹಿಡಿಯದಿದ್ದರೆ ಗದ್ದ ಬಿಡುವುದಿಲ್ಲ. ಸುಳಿವು ಕೊಡುತ್ತಾರೆ, ಭುಜ ಅಲುಗಾಡಿಸುತ್ತಾರೆ, ಕಿವುಡಿಗೆ ಹೇಳಿದಂತೆ ಜೋರಾಗಿ ಹೇಳುತ್ತಾರೆ. ಇದರಲ್ಲಿ ಕೆಟ್ಟ ಉದ್ದೇಶ ಏನೂ ಇಲ್ಲ. ಪ್ರೀತಿ ತೋರಿಸಲು ನಮ್ಮವರಿಗೆ ಗೊತ್ತಿರುವ ದಾರಿಯೇ ಅದು. ನಾವೆಲ್ಲ ಕೇಳಿದವರೇ.

ನಮ್ಮ ಅವ್ವನನ್ನು ನೋಡಲು ನಮ್ಮ ಊರು ದೇಶನೂರಿನಿಂದ ಒಂದು ಟೆಂಪೊ ತುಂಬ ಜನ ಬಳ್ಳಾರಿಯ ನಮ್ಮ ಮನೆಗೆ ಬಂದ ದಿನ ಹೀಗೇ ಆಯಿತು. ಒಬ್ಬರಾದ ಮೇಲೆ ಒಬ್ಬರು ಗದ್ದ ಹಿಡಿದರು. ಅವ್ವ ಮೊದಲು ಮುಖ ತಿರುಗಿಸಿದಳು, ಆಮೇಲೆ ಕಣ್ಣು ಮುಚ್ಚಿದಳು, ಆಮೇಲೆ ಎರಡೂ ಕಿವಿಗೆ ಕೈ ಒತ್ತಿಕೊಂಡು ಹಿಂದಕ್ಕೆ ಮುಂದಕ್ಕೆ ತೂಗತೊಡಗಿದಳು. ಕೊನೆಗೆ ನಮ್ಮ ಚಿಗವ್ವ, ಅಂದರೆ ಅವ್ವನ ಸ್ವಂತ ತಂಗಿ, ಗದ್ದಕ್ಕೆ ಕೈ ಹಾಕಿದಾಗ ಚೀರಿ ಅವಳ ಬೆರಳು ಕಚ್ಚಿಬಿಟ್ಟಳು.

ಟೆಂಪೊ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತು. ದೆವ್ವ ಹೊಕ್ಕೈತಿ ಅಂದರು ಕೆಲವರು. ಬುದ್ಧಿ ಕೆಟ್ಟೈತಿ ಅಂದರು ಇನ್ನು ಕೆಲವರು. ಮಗಳು ಸರಿಯಾಗಿ ಊಟ ಹಾಕುವುದಿಲ್ಲ ಅಂತಲೂ ಯಾರೋ ಅಂದರಂತೆ. ಅದು ನನಗೆ ಮುಟ್ಟಿಸಲೆಂದೇ ಅಂದದ್ದು.

ನನ್ನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ನಾನು ಬಳ್ಳಾರಿಯ ಒಂದು ಶಾಲೆಯಲ್ಲಿ ವಿಶೇಷ ಮಕ್ಕಳಿಗೆ ಕಲಿಸುವ ಟೀಚರು. ನಮ್ಮ ಮನೆತನದಲ್ಲಿ ಡಿಗ್ರಿ ತೆಗೆದುಕೊಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ, ಏಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ಅಪ್ಪ ಬೇಗ ಹೋದ. ಅಣ್ಣ ಶಾಲೆ ಬಿಟ್ಟು ಪಂಪ್‌ಸೆಟ್ ರಿಪೇರಿ ಕಲಿತ. ಅವ್ವ ಭತ್ತದ ಗದ್ದೆಗಳಲ್ಲಿ ನಾಟಿ ಹಚ್ಚುವ ಕೂಲಿಗೆ ಹೋದಳು. ನಾನು ಸಿರುಗುಪ್ಪದ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎ. ಮುಗಿಸಿದೆ, ಆಮೇಲೆ ಹಾಸ್ಟೆಲಿನಲ್ಲಿದ್ದು ವಿಶೇಷ ಶಿಕ್ಷಣದ ತರಬೇತಿ ಪಡೆದೆ. “ಹೆಣ್ಣ ಹುಡುಗೀನ ಇಷ್ಟು ಓದಿಸಿ ಕಲೆಕ್ಟರ್ ಮಾಡ್ತೀ ಏನು?” ಅಂತ ಊರವರು ಕೇಳಿದರೆ ಅವ್ವ, “ಏನರ ಆಗ್ಲಿ. ಕೆಸರಾಗ ನನ್ ಬಾಜೂಕ ನಿಂದ್ರಬಾರದು, ಅಷ್ಟ” ಅನ್ನುತ್ತಿದ್ದಳು.

ಆ ಓದು ಅವ್ವನಿಗೇ ಉಪಯೋಗಕ್ಕೆ ಬರುತ್ತದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಮೊದಲು ಬಂದದ್ದು ಮರೆವು. ಅದನ್ನು ನಾವು ಅರಳು ಮರಳು ಅಂದುಕೊಂಡು ಸುಮ್ಮನಿದ್ದೆವು. ಆಮೇಲೆ ಬಂದವು ಮರೆವಿನ ಲೆಕ್ಕಕ್ಕೆ ಬರುವಂಥವಲ್ಲ. ಅವ್ವ ಯಾರ ಕಣ್ಣನ್ನೂ ನೋಡುವುದನ್ನು ಬಿಟ್ಟಳು. ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತ ಕೂರುವಳು. ತನ್ನ ತಟ್ಟೆಯೇ ಬೇಕು, ಅಂಚು ನೆಗ್ಗಿದ ಆ ಹಳೆಯ ಸ್ಟೀಲ್ ತಟ್ಟೆ. ಅನ್ನ ಒಂದು ಕಡೆ, ಪಲ್ಯ ಒಂದು ಕಡೆ. ಎರಡೂ ಮುಟ್ಟಿಕೊಂಡರೆ ತಟ್ಟೆ ತಳ್ಳಿಬಿಡುವಳು. ಮಿಕ್ಸಿ ಹಾಕಿದರೆ, ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮೂಲೆಗೆ ಸೇರುವಳು. ನಾವು ಏನಂದರೂ ಅದರ ಬಾಲವನ್ನೇ ತಿರುಗಿಸಿ ಅನ್ನುವಳು. “ಅವ್ವಾ, ಚಾ ಕುಡೀತೀ ಏನು?” ಅಂದರೆ “ಕುಡೀತೀ ಏನು.” “ಬಿಸಿಲು ಬಾಳ ಐತಿ” ಅಂದರೆ “ಬಾಳ ಐತಿ.”

ಮತ್ತೆ ಸಾಲು. ಕೈಗೆ ಸಿಕ್ಕಿದ್ದನ್ನೆಲ್ಲ ಸಾಲಾಗಿ ಇಡುವುದು. ಚಮಚ, ಬೆಳ್ಳುಳ್ಳಿ ಎಸಳು, ಬಟ್ಟೆಗೆ ಹಾಕುವ ಕ್ಲಿಪ್ಪು, ನೀರಿನ ಬಾಟಲಿಯ ಮುಚ್ಚಳ. ನನ್ನ ಗಂಡನಿಗೆ ಬ್ರೂಸ್‌ಪೇಟೆಯಲ್ಲಿ ಬಳೆ, ಹಣೆಗಿಡುವ ಟಿಕಳಿಯ ಸಣ್ಣ ಅಂಗಡಿ ಇದೆ. ಅವರ ಅಂಗಡಿಗೆ ಬಂದ ಮಾಲಿನ ಚೀಲ ಒಂದು ದಿನ ಮನೆಯಲ್ಲಿ ಉಳಿಯಿತು. ಅವರು ಸ್ನಾನ ಮಾಡಿ ಬರುವಷ್ಟರಲ್ಲಿ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಬಳೆಗಳು ಸಾಲು ಹಿಡಿದು ಕೂತಿದ್ದವು. ಅವರು ಟವಲ್ಲಿನಲ್ಲಿ ನಿಂತುಕೊಂಡೇ ನೋಡಿದರು. “ಅಂಗಡ್ಯಾಗ ಒಬ್ಬ ಕೆಲ್ಸದಾವನೂ ಇಷ್ಟು ನೆಟ್ಟಗ ಇಟ್ಟಿಲ್ಲ” ಅಂದರು. ತುಳಿಯದಂತೆ ಗೋಡೆ ಹಿಡಿದು ದಾಟಿ ಹೋದರು.

ನಾನು ಮಾತ್ರ ಅಲ್ಲೇ ನಿಂತೆ. ಇದನ್ನೆಲ್ಲ ನಾನು ಎಲ್ಲೋ ನೋಡಿದ್ದೇನೆ ಅನಿಸಿತು. ಎಲ್ಲೋ ಏನು, ದಿನಾ ಬೆಳಿಗ್ಗೆ ನನ್ನ ಕ್ಲಾಸಿನಲ್ಲಿ ನೋಡುತ್ತೇನೆ. ಆಟಿಸಂ ಇರುವ ನನ್ನ ಮಕ್ಕಳಲ್ಲಿ ಒಬ್ಬಳು ಕಲ್ಲು ಜೋಡಿಸುತ್ತಾಳೆ. ಒಬ್ಬನಿಗೆ ಗಂಟೆಯ ಶಬ್ದ ಆಗುವುದಿಲ್ಲ. ಇನ್ನೊಬ್ಬ ನನ್ನ ಮಾತನ್ನೇ ನನಗೆ ತಿರುಗಿಸುತ್ತಾನೆ.

ಅವ್ವನನ್ನು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಇದನ್ನು ಕೇಳಿದೆ. ಅವರು ನಗಲಿಲ್ಲ. ಪರೀಕ್ಷೆ, ಸ್ಕ್ಯಾನು ಎಲ್ಲ ನೋಡಿ ನಿಧಾನವಾಗಿ ಹೇಳಿದರು. “ಆಟಿಸಂ ಹುಟ್ಟಿನಿಂದ ಬರೋದಮ್ಮ. ಇವರಿಗೆ ಇರೋದು ಡಿಮೆನ್ಷಿಯಾ. ಎರಡೂ ಒಂದಲ್ಲ. ಆದ್ರೆ ಮೆದುಳಿನ ಕೆಲವು ಭಾಗ ಸವೆದಾಗ ನಡವಳಿಕೆ ಹಾಗೇ ಕಾಣಬಹುದು. ಮಾತ್ರೆಯಿಂದ ಎಲ್ಲಾ ಸರಿಹೋಗಲ್ಲ. ನಿಮ್ಮ ಮಕ್ಕಳ ಜೊತೆ ನೀವು ಹೇಗಿರ್ತೀರಿ?”

“ಅವ್ರಿಗೆ ಆಗದ್ದನ್ನ ಮಾಡೋದಿಲ್ಲ ಸರ್. ಮುಂದೆ ಏನಾಗುತ್ತೆ ಅಂತ ಮೊದ್ಲೇ ಹೇಳ್ತೀನಿ.”

“ಮನೆಯಲ್ಲೂ ಹಾಗೇ ಮಾಡಿ ನೋಡಿ.”

ಆಸ್ಪತ್ರೆಯಿಂದ ಆಟೊದಲ್ಲಿ ಬರುವಾಗ ನನಗೆ ಅಳು ಬರಲಿಲ್ಲ. ಬದಲಿಗೆ ಕೆಲಸ ಸಿಕ್ಕವಳ ಹಾಗೆ ಹುರುಪು ಬಂತು. ನಿಜ, ವ್ಯತ್ಯಾಸ ದೊಡ್ಡದು. ನನ್ನ ಮಕ್ಕಳು ದಿನಕ್ಕೊಂದು ಹೆಜ್ಜೆ ಮುಂದೆ ಹೋಗುವವರು, ಅವ್ವ ಹಿಂದೆ ಹೋಗುವವಳು. ಆದರೆ ನಾಟಿ ಹಚ್ಚುವವರು ಹಿಂದಕ್ಕೇ ನಡೆಯುತ್ತಾರೆ. ಅವರು ಹಿಂದೆ ಸರಿದಂತೆಲ್ಲ ಎದುರಿಗೆ ಹಸಿರು ಕಾಣುತ್ತದೆ. ಅವ್ವ ಮುಚ್ಚಳಗಳನ್ನು ಇಡುವಾಗಲೂ ಹಾಗೇ ಕುಕ್ಕರಗಾಲಿನಲ್ಲಿ ಹಿಂದಕ್ಕೆ ಸರಿಯುತ್ತಿದ್ದಳು.

ಮನೆ ಬದಲಾಯಿತು. ಮಿಕ್ಸಿ ಹಿತ್ತಲಿಗೆ ಹೋಯಿತು. ಬಾಗಿಲಿಂದ ಎದುರಿಗೇ ಬಂದು, ಅವ್ವನಿಗೆ ಕಾಣುವ ಹಾಗೆ ದೂರ ನಿಂತು, “ಅವ್ವಾ, ನಾನು ನಿನ್ನ ಮಗಳು ಬಂದೀನಿ” ಅನ್ನುವುದು. ಪರೀಕ್ಷೆ ಇಲ್ಲ, ಹಾಜರಿ ಅಷ್ಟೇ. ತಲೆ ಬಾಚುವ ಮೊದಲು “ತಲಿ ಬಾಚ್ತೀನಿ” ಅಂತ ಬಾಚಣಿಗೆ ತೋರಿಸುವುದು. ಪಲ್ಯಕ್ಕೆ ಬೇರೆ ಬಟ್ಟಲು. ಇದಿಷ್ಟೇ. ಆದರೆ ಕಿವಿಯ ವಿಷಯ ಉಳಿದಿತ್ತು. ಬಳ್ಳಾರಿಯಲ್ಲಿ ಬೀದಿಯ ಸದ್ದನ್ನು ಹಿತ್ತಲಿಗೆ ಇಡಲು ಆಗುವುದಿಲ್ಲವಲ್ಲ. ನನ್ನ ಕ್ಲಾಸಿನ ಒಬ್ಬ ಹುಡುಗ ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ. ಅಂಥದ್ದೇ ತಂದು ಅವ್ವನಿಗೆ ಹಾಕಿದೆ. ಕಿತ್ತು ಬಿಸಾಕಿದಳು.

ಆಮೇಲೆ ನೆನಪಾಯಿತು. ನಾಟಿಗೆ ಹೋಗುವ ಹೆಂಗಸರು ಬಿಸಿಲಿಗೆ, ಗಾಳಿಗೆ ಅಂತ ತಲೆಗೆ ಟವಲ್ ಸುತ್ತಿ, ಕಿವಿ ಮುಚ್ಚುವ ಹಾಗೆ ಬಿಗಿದು ಹಿಂದೆ ಗಂಟು ಹಾಕುತ್ತಾರೆ. ಪೆಟ್ಟಿಗೆಯಲ್ಲಿ ಅವ್ವನ ಹಳೆಯ ಚೌಕಡಿ ಟವಲ್ ಇತ್ತು. ಕೈಯಲ್ಲಿ ಹಿಡಿದು ತೋರಿಸಿದೆ. ಅವ್ವ ಅದನ್ನು ಇಸಿದುಕೊಂಡು ತಾನೇ ಕಟ್ಟಿಕೊಂಡಳು, ಗಂಟು ಕೂಡ ತಾನೇ ಹಾಕಿದಳು. ಅವತ್ತು ಕುಕ್ಕರ್ ಕೂಗಿದಾಗ ಅವ್ವ ಬೆಳ್ಳುಳ್ಳಿ ಬಿಟ್ಟು ಏಳಲಿಲ್ಲ. ಅವತ್ತಿನ ಸಾರು ಭಾರಿ ರುಚಿಯಾಗಿತ್ತು ಅಂತ ನನಗೆ ಇನ್ನೂ ಅನಿಸುತ್ತದೆ.

ನಮ್ಮ ಅಣ್ಣನಿಗೆ ಕುರುಗೋಡಿನಲ್ಲಿ ಈಗ ಸ್ವಂತ ಮನೆ, ಪೈಪು ಮೋಟಾರಿನ ಅಂಗಡಿ ಇದೆ. ಅವನೂ ಕೈ ಸವೆಸಿಕೊಂಡು ಮೇಲೆ ಬಂದವನು. ಭಾನುವಾರ ಅವ್ವನನ್ನು ನೋಡಲು ಬರುತ್ತಿದ್ದ. ನಾನು ಎಷ್ಟು ಹೇಳಿದರೂ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೇಳುವುದು ಅದನ್ನೇ. “ಅವ್ವಾ, ನಾ ಯಾರು ಹೇಳು?”

“ಯಾರು ಹೇಳು,” ಅನ್ನುವಳು ಅವ್ವ, ಗೋಡೆ ನೋಡುತ್ತ.

“ನಿನ್ ಮಗ ಬೇ! ದೊಡ್ಡಾವ!” ಅಂತ ಗದ್ದಕ್ಕೆ ಕೈ ಹಾಕಿದರೆ ಅವ್ವ ಕೊಸರಿಕೊಂಡು ಒಳಗೆ ಹೋಗಿಬಿಡುವಳು. ಅಣ್ಣ ತಂದ ಬಾಳೆಹಣ್ಣಿನ ಜೊತೆ ಒಬ್ಬನೇ ಕೂತಿರುತ್ತಿದ್ದ. ಆಮೇಲಾಮೇಲೆ ಬರುವುದು ಕಡಿಮೆಯಾಯಿತು. ಫೋನಿನಲ್ಲಿ “ಮಾತ್ರಿ ತಂದೀ ಏನು?” ಅಂತ ಮಾತ್ರ ಕೇಳುವನು.

ಅಷ್ಟರಲ್ಲಿ ಅಣ್ಣನ ಮಗಳು ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಅವ್ವನಿಗೆ ಮರಿಮೊಮ್ಮಗಳು. ಕುರುಗೋಡಿನ ಮನೆಯಲ್ಲೇ ತೊಟ್ಟಿಲ ಶಾಸ್ತ್ರ ಅಂತ ನಿಶ್ಚಯವಾಯಿತು. ನಾನು ಅವ್ವನಿಗೆ ಯಾವ ಸೀರೆ ಅಂತ ಯೋಚಿಸುತ್ತಿರುವಾಗಲೇ ಅಣ್ಣನ ಫೋನು ಬಂತು.

“ಅವ್ವನ್ನ ಕರ್ಕೊಂಡ್ ಬಾ. ಇಲ್ಲ ಅನ್ನಂಗಿಲ್ಲ. ಆದ್ರ ಮ್ಯಾಲಿನ ಕ್ವಾಣ್ಯಾಗ ಇರ್ಲಿ. ಫ್ಯಾನ್ ಐತಿ, ಮಂಚ ಐತಿ. ಶಾಸ್ತ್ರ ಮುಗಿಯಾತನಕ ಬಾಗ್ಲ ಹಾಕ್ಕೊಂಡ್ರ ಆತು.”

“ಒಳಗಿಂದ ಹಾಕ್ಕೋಬೇಕೇನು, ಹೊರಗಿಂದನೋ?” ಅಂದೆ.

ಅಣ್ಣ ಸಿಡುಕಿದ. “ನೀ ಮಾಸ್ತರಿಕಿ ಮಾಡಬ್ಯಾಡ. ಸಿರುಗುಪ್ಪದಿಂದ ಬೀಗರು ಬರ್ತಾರ. ದೇಶನೂರಿಂದ ಎಲ್ಲಾರೂ ಬರ್ತಾರ. ಮತ್ ಯಾರನ್ನರ ಕಚ್ಚಿದ್ರ? ಅವ್ವನ್ನ ಹುಚ್ಚಿ ಅಂತಾರ. ಅದನ್ನ ನಾ ಕೇಳ್ಕೊಂಡ್ ನಿಂದ್ರಬೇಕೇನು?”

“ಅವ್ವಗ ಕೆಲ್ಸ ಕೊಡ್ತೀನಿ, ಟವಲ್ ಕಟ್ತೀನಿ. ಯಾರೂ ಮುಟ್ಟದಂಗ ನೋಡ್ಕೊಂತೀನಿ. ಕುಂದ್ರತಾಳ.”

“ಟವಲ್ ಬ್ಯಾರೆ ಕಟ್ತೀಯಾ!” ಅವನ ದನಿ ಏರಿತು. “ನಾವೀಗ ಕೂಲಿಗೆ ಹೋಗಾರೇನು? ಬೀಗರ ಮುಂದ ಅವ್ವನ್ನ ನಾಟಿ ಹಚ್ಚಾಕಿ ಮಾಡಿ ಕುಂದ್ರಿಸ್ತೀ ಏನು?”

“ಆಕಿ ನಾಟಿ ಹಚ್ಚಿದ್ದಕ್ಕ ನೀನು ಬೀಗರ್ನ ಕರಿಯಾಂಗ ಆಗಿರೋದು,” ಅಂದು ಫೋನ್ ಇಟ್ಟೆ.

ಮನೆತನದ ಮೊದಲ ಮರಿಮೊಮ್ಮಗಳ ತೊಟ್ಟಿಲ ಶಾಸ್ತ್ರದಲ್ಲಿ ಹಿರಿಯಳು ಚಿಲಕದ ಆಚೆ ಇರಬೇಕೋ, ಪಡಸಾಲೆಯಲ್ಲಿ ನಮ್ಮ ನಡುವೆ ಕೂರಬೇಕೋ. ನನಗೆ ಆಗ ಅದೊಂದೇ ಮಾತು. ಅವ್ವನಿಗೆ ತಿಳಿಯುವುದಿಲ್ಲ ಬಿಡು ಅಂದವರಿದ್ದರು. ಅವ್ವನಿಗೆ ತಿಳಿಯದಿದ್ದರೂ ನಮಗೆ ತಿಳಿಯುತ್ತದಲ್ಲ. ಮತ್ತೆ, ತಿಳಿಯುವುದಿಲ್ಲ ಅಂತ ಹೇಳಲು ನಾವ್ಯಾರು? ನನ್ನ ಮಕ್ಕಳ ಬಗ್ಗೆಯೂ ಜನ ಹಾಗೇ ಅನ್ನುತ್ತಾರೆ.

ಅಣ್ಣನ ಜೊತೆ ವಾದ ಮಾಡುವುದು ಬಿಟ್ಟು ಅತ್ತಿಗೆಗೆ ಫೋನ್ ಮಾಡಿದೆ. ನಮ್ಮ ಅತ್ತಿಗೆ ಗಟ್ಟಿ ಬಾಯಿ, ಮೆತ್ತನೆ ಮನಸ್ಸು. ನನ್ನನ್ನು ಕರೆಯುವುದು ಟೀಚರಮ್ಮ ಅಂತಲೇ.

“ಟೀಚರಮ್ಮಾ, ನನಗೂ ಹೆದ್ರಿಕಿ ಐತಿ. ಸುಳ್ಳ್ಯಾಕ ಹೇಳ್ಲಿ,” ಅಂದಳು. “ಆದ್ರ ಮೊದ್ಲ ಒಂದೀಟು ಕರ್ಕೊಂಡ್ ಬಾ. ನೋಡಾನ.”

ಹೊಸ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯುವ ಮೊದಲು ನಾನು ಮಾಡುವುದೂ ಅದನ್ನೇ, ಖಾಲಿ ಇದ್ದಾಗ ಒಮ್ಮೆ ತೋರಿಸಿ ತರುವುದು. ಶಾಸ್ತ್ರಕ್ಕೆ ಮುಂಚಿನ ವಾರ ಅಣ್ಣ ಅಂಗಡಿಗೆ ಹೋದ ಹೊತ್ತಿನಲ್ಲಿ ಅವ್ವನನ್ನು ಕುರುಗೋಡಿಗೆ ಕರೆದುಕೊಂಡು ಹೋದೆ. ಜೊತೆಗೆ ಅವಳ ತಟ್ಟೆ, ಅವಳ ಚಾಪೆ, ಅವಳ ಟವಲ್. ಚಾಪೆಯನ್ನು ಪಡಸಾಲೆಯ ಕಂಬದ ಮಗ್ಗುಲಲ್ಲಿ ಹಾಸಿದೆ. ಬೆನ್ನ ಹಿಂದೆ ಗೋಡೆ, ಯಾರೂ ಹಿಂದಿನಿಂದ ಬರುವಂತಿಲ್ಲ. ಅವ್ವ ಕೂತಳು, ಎದ್ದಳು, ಮತ್ತೆ ಕೂತಳು. ಅತ್ತಿಗೆ ಒಂದು ಕಟ್ಟು ವೀಳ್ಯದೆಲೆ, ಒಂದು ಬಟ್ಟಲು ಅಡಿಕೆ ತಂದು ದೂರದಲ್ಲೇ ಇಟ್ಟು, ನಾನು ಹೇಳಿಕೊಟ್ಟ ಹಾಗೆ ಅಂದಳು: “ಅತ್ತೀ, ನಾನು ನಿಮ್ ಸೊಸಿ. ಎಲಿ ಇಟ್ಟೀನಿ.”

“ಎಲಿ ಇಟ್ಟೀನಿ,” ಅಂದಳು ಅವ್ವ.

ನಾನು ಎರಡು ಎಲೆ ಜೋಡಿಸಿ ಮೇಲೊಂದು ಅಡಿಕೆ ಇಟ್ಟು ತೋರಿಸಿದೆ. ಅವ್ವ ಸ್ವಲ್ಪ ಹೊತ್ತು ಸೆರಗು ಉಜ್ಜುತ್ತ ನೋಡಿದಳು. ಆಮೇಲೆ ನನ್ನ ಎಲೆಗಳ ತುದಿಯನ್ನು ಬೆರಳಿನಿಂದ ನೆಟ್ಟಗೆ ಮಾಡಿದಳು. ಪಕ್ಕಕ್ಕೆ ಇನ್ನೊಂದು ಜೋಡಿ ಇಟ್ಟಳು. ಗೋಡೆಯ ಪಕ್ಕದಲ್ಲೇ ಹಿಂದಕ್ಕೆ ಸರಿದಳು. ಇನ್ನೊಂದು ಜೋಡಿ. ಕಟ್ಟು ಮುಗಿಯುವ ಹೊತ್ತಿಗೆ ಕಂಬದಿಂದ ಅಡುಗೆ ಮನೆಯ ಹೊಸ್ತಿಲವರೆಗೆ ಎಲೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದವು.

ಅತ್ತಿಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು. “ಟೀಚರಮ್ಮಾ, ಈ ಮನ್ಯಾಗ ಇಷ್ಟು ನೆಟ್ಟಗ ಯಾವುದೂ ಕುಂತಿಲ್ಲ. ನಿಮ್ಮಣ್ಣನ್ನೂ ಸೇರ್ಸಿ.” ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಅವತ್ತೇ ಅವಳು ಅಂದಳು: “ಮ್ಯಾಲಿನ ಕ್ವಾಣಿ ಕೀಲಿ ನನ್ ಹತ್ರ ಐತಿ. ಅದು ಸಿಗಂಗಿಲ್ಲ ಬಿಡು.”

ಶಾಸ್ತ್ರದ ದಿನ ಬೆಳಿಗ್ಗೆ ಮಂದಿ ಬರುವ ಮೊದಲೇ ನಾವು ಹೋದೆವು. ಅವ್ವ ಅದೇ ಚಾಪೆ, ಅದೇ ಕಂಬ ಕಂಡು ತಾನೇ ಹೋಗಿ ಕೂತಳು. ಮೈಮೇಲೆ ಹಸಿರು ಇಳಕಲ್ ಸೀರೆ, ತಲೆಗೆ ಚೌಕಡಿ ಟವಲ್. ಅಣ್ಣ ನೋಡಿದ. ನನ್ನನ್ನು ನೋಡಿದ. ಅತ್ತಿಗೆಯನ್ನು ನೋಡಿದ.

“ಕೀಲಿ ಎಲ್ಲೈತಿ?”

“ಯಾವ ಕೀಲಿ?” ಅಂದಳು ಅತ್ತಿಗೆ. “ಹೋಗ್ರಿ, ಶಾಮಿಯಾನ ಜೋತು ಬಿದ್ದೈತಿ, ಅದನ್ನ ನೋಡ್ರಿ.”

ಅಣ್ಣ ಶಾಮಿಯಾನದ ಕೆಳಗೆ ಹೋಗಿ ನಿಂತ. ಆದರೆ ಅವನ ಕಣ್ಣು ಪಡಸಾಲೆಯ ಮೇಲೇ ಇತ್ತು.

ಬರುವ ಹೆಂಗಸರನ್ನೆಲ್ಲ ಅತ್ತಿಗೆ ಬಾಗಿಲಲ್ಲೇ ತಡೆದಳು. ಕೈಯಲ್ಲಿ ಗುಗ್ಗರಿಯ ಸೌಟು. ಗೋಧಿ, ಕಡಲೆ ಬೇಯಿಸಿ ಮಾಡಿದ ಗುಗ್ಗರಿ ಇಲ್ಲದೆ ನಮ್ಮಲ್ಲಿ ಹೆಸರಿಡುವುದಿಲ್ಲ. “ಬರ್ರಿ ಬರ್ರಿ. ಅತ್ತೀನ ಮಾತಾಡಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಗದ್ದ ಹಿಡಿಯಂಗಿಲ್ಲ. ನಾ ಯಾರು ಅಂತ ಕೇಳಂಗಿಲ್ಲ. ನೀವ ನಿಮ್ ಹೆಸ್ರು ಹೇಳ್ರಿ, ಎಲಿ ತಗೋರಿ, ಒಳಗ ಹೋಗ್ರಿ. ಕೇಳಿದಾರಿಗೆ ಗುಗ್ಗರಿ ಇಲ್ಲ ನೋಡ್ರಿ ಮತ್ತ!”

“ಏನ್ ಬೇ, ಮಾತಾಡ್ಸಾಕೂ ಕಾನೂನೇನು?” ಅಂದಳು ಒಬ್ಬಾಕೆ.

“ನಮ್ ಟೀಚರಮ್ಮನ ಕಾನೂನು. ಡಿಗ್ರಿ ಓದ್ಯಾಳ ಆಕಿ!”

ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಇದೇ ದೊಡ್ಡದು ಅಂತ ಈಗಲೂ ಅಂದುಕೊಳ್ಳುತ್ತೇನೆ.

ಹೆಂಗಸರು ನಗುತ್ತಲೇ ಒಬ್ಬೊಬ್ಬರಾಗಿ ಬಂದರು. ದೂರ ನಿಂತು ತಮ್ಮ ತಮ್ಮ ಹೆಸರು ಹೇಳಿದರು. ಅವ್ವ ತಲೆ ಎತ್ತದೆ ಅವರ ಹೆಸರನ್ನು ಅವರಿಗೇ ತಿರುಗಿಸಿ ಕೊಟ್ಟಳು. ತಮ್ಮ ಹೆಸರನ್ನು ಅವಳ ಬಾಯಲ್ಲಿ ಕೇಳಿದ್ದೇ ಅವರಿಗೆ ಹಬ್ಬ. ಸಾಲಿನ ತುದಿಯಿಂದ ಎಲೆ ಎತ್ತಿಕೊಂಡು ಹೋದರು, ಅವ್ವ ಹಿಂದೆ ಹೊಸದನ್ನು ಇಟ್ಟುಕೊಂಡು ಹೋದಳು. “ಗಂಡ ಇಲ್ಲದಾಕಿ ಕೈಲಿ ಎಲಿಯೇನು?” ಅಂತ ಮೂಲೆಯಲ್ಲಿ ಯಾರೋ ಗೊಣಗಿದರು. ಅತ್ತಿಗೆಯ ಕಿವಿ ಚುರುಕು. “ಅಂಗಡ್ಯಾಗ ಎಲಿ ಕಟ್ಟು ಕಟ್ಟಿದಾಕಿಗೆ ಗಂಡ ಇದ್ನೇನು ಅಂತ ಕೇಳಿ ತಗೊಂತೀರೇನು?” ಅಂದಳು. ಗೊಣಗು ಅಲ್ಲಿಗೇ ನಿಂತಿತು.

ಆಗ ಚಿಗವ್ವ ಬಂದಳು. ಬೆರಳು ಕಚ್ಚಿಸಿಕೊಂಡವಳು. ಅತ್ತಿಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ತಲೆ ಆಡಿಸಿದಳು, ಆದರೆ ಅಕ್ಕನನ್ನು ಕಂಡಕೂಡಲೇ ಎಲ್ಲ ಮರೆತು ಕೈ ಮುಂದೆ ಹೋಗಿಯೇ ಬಿಟ್ಟಿತು. ನಾನು ತೊಟ್ಟಿಲ ಹತ್ತಿರ ಇದ್ದೆ, ಓಡಿ ಬಂದರೂ ತಡೆಯಲಾಗದಷ್ಟು ದೂರ. ಅಣ್ಣ ಶಾಮಿಯಾನದ ಕೆಳಗಿಂದ ಒಂದು ಹೆಜ್ಜೆ ಇಟ್ಟ. ಅವ್ವನ ಭುಜ ಬಿಗಿಯಾಯಿತು, ತೂಗತೊಡಗಿದಳು.

ಚಿಗವ್ವನ ಕೈ ಗಾಳಿಯಲ್ಲೇ ನಿಂತಿತು. ಅದನ್ನು ಹಿಂದಕ್ಕೆ ಎಳೆದುಕೊಂಡು ತನ್ನದೇ ಗದ್ದ ಹಿಡಿದುಕೊಂಡಳು. “ಅಕ್ಕಾ,” ಅಂದಳು, “ನಾನು ನಿನ್ ತಂಗಿ. ಬಂದೀನಿ.”

ಅವ್ವ ಇನ್ನೂ ಸ್ವಲ್ಪ ತೂಗಿದಳು. ಆಮೇಲೆ ತೂಗುವುದು ನಿಂತಿತು. “ಬಂದೀನಿ,” ಅಂದಳು. ಕೈ ಎಲೆಯ ಕಡೆ ಹೋಯಿತು.

ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಅತ್ತಿಗೆಯ ಕಡೆ ತಿರುಗಿದಳು. “ನಾ ಹಿಡೀಲಿಲ್ಲ ನೋಡವ್ವ. ನನಗ ಗುಗ್ಗರಿ ಐತಲ್ಲ?”

“ಎರಡು ಸೌಟು!” ಅಂದಳು ಅತ್ತಿಗೆ. ಮನೆಯೆಲ್ಲ ನಕ್ಕಿತು.

ಬೀಗರ ಕಡೆಯಿಂದ ವಯಸ್ಸಾದ ಬೀಗಿತಿ ಒಬ್ಬರು ಬಂದಿದ್ದರು. ಅಣ್ಣ ಅಂಜಿದ್ದೇ ಅವರಿಗೆ. ಅವರು ಕಂಬದ ಹತ್ತಿರ ನಿಂತು ಅವ್ವನ ಟವಲ್ಲನ್ನು ನೋಡುತ್ತಲೇ ಇದ್ದರು. ಅಣ್ಣ ಏನೋ ಸಮಜಾಯಿಷಿ ಹೇಳಲು ಬಂದ. ಅವರೇ ಅಂದರು: “ಗಂಟು ನೋಡಪ್ಪಾ, ಎಷ್ಟು ಚೆಂದ ಹಾಕ್ಯಾರ. ನಾವೂ ಹತ್ತಿ ಬಿಡಿಸಾಕ ಹೋಗಾವಾಗ ಹಿಂಗ ಕಟ್ಕೊಂತಿದ್ವಿ. ಈಗಿನಾರಿಗೆ ಎಲ್ಲಿ ಬರ್ತೈತಿ?” ಅಣ್ಣ ಸಮಜಾಯಿಷಿ ಬಿಟ್ಟು ಅವರಿಗೆ ಕುರ್ಚಿ ತಂದು ಹಾಕಿದ.

ಇನ್ನು ಉಳಿದದ್ದು ಹೆಸರಿಡುವುದು. ನಮ್ಮ ಕಡೆ ಕೂಸಿನ ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ‘ಕುರ್ರ್’ ಅಂತ ಹೆಸರು ಹೇಳುವಾಗ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಗುದ್ದು, ನಗು, ಕೂಗು ಎಲ್ಲ ಒಂದೇ ಸಲ. ಅದು ಶುರುವಾಗುವ ಮೊದಲು ನಾನು ಅವ್ವನ ಎದುರಿಗೆ ಬಂದು ಕೂತೆ. “ಅವ್ವಾ, ನಾನು ನಿನ್ನ ಮಗಳು. ಈಗ ಗದ್ಲ ಆಗ್ತೈತಿ. ಆಮ್ಯಾಲ ಮುಗೀತೈತಿ.”

“ಮುಗೀತೈತಿ,” ಅಂದಳು.

ಗದ್ದಲ ಆಯಿತು. ಅವ್ವ ಎರಡೂ ಕೈಯನ್ನು ಟವಲ್ಲಿನ ಮೇಲೆ ಒತ್ತಿಕೊಂಡಳು, ಕಣ್ಣು ಮುಚ್ಚಿದಳು, ತೂಗಿದಳು. ಆದರೆ ಚೀರಲಿಲ್ಲ, ಏಳಲಿಲ್ಲ. ಮುಗಿಯಿತು. ಅವ್ವ ಕಣ್ಣು ಬಿಟ್ಟು ಎಲೆ ಎಲ್ಲಿಗೆ ಬಂದಿತ್ತು ಅಂತ ಹುಡುಕಿ, ಅಲ್ಲಿಂದಲೇ ಮುಂದುವರಿಸಿದಳು.

ಮಂದಿ ಊಟಕ್ಕೆ ಕೂತಾಗ ಅಣ್ಣ ಕೂಸನ್ನು ಎತ್ತಿಕೊಂಡು ಬಂದ. ಅವನು ಚಾಪೆಯಿಂದ ಸ್ವಲ್ಪ ದೂರ, ಅವ್ವನಿಗೆ ಕಾಣುವ ಕಡೆ, ನೆಲದ ಮೇಲೆ ಕೂತ. ಹೊಸ ಪಂಚೆ ಮಣ್ಣಾಗುವುದನ್ನೂ ನೋಡಲಿಲ್ಲ. ಎಷ್ಟೋ ಭಾನುವಾರ ಕೇಳಿದ ಪ್ರಶ್ನೆ ಅವನ ಬಾಯಿಗೆ ಬಂದು ಹಿಂದಕ್ಕೆ ಹೋದದ್ದು ನನಗೆ ಕಂಡಿತು.

“ಅವ್ವಾ,” ಅಂದ. “ನಾನು ನಿನ್ ಮಗ. ಇದು ನಿನ್ ಮರಿಮೊಮ್ಮಗಳು. ಕರ್ಕೊಂಡ್ ಬಂದೀನಿ.”

ಅವ್ವ ಎಲೆ ಒರೆಸುತ್ತಿದ್ದಳು. “ಕರ್ಕೊಂಡ್ ಬಂದೀನಿ,” ಅಂದಳು.

ಅಣ್ಣನ ಮುಖದಲ್ಲಿ ಏನೋ ಸಡಿಲವಾಯಿತು. ನಾನು ಏನೋ ವಿವರಿಸಲು ಹೊರಟವಳಂತೆ ಕಂಡೆನೋ ಏನೋ, ಕೈ ಎತ್ತಿ ತಡೆದ. “ಗೊತ್ತೈತಿ ತಂಗಿ. ನಾ ಅಂದದ್ದನ್ನ ಅಂದಾಳ. ಅನ್ಲಿ ಬಿಡು. ನನ್ ಮಾತು ಆಕಿ ಬಾಯಾಗ ಬಂತಲ್ಲ.”

ಕೂಸನ್ನು ಚಾಪೆಯ ತುದಿಗೆ ಮಲಗಿಸಿದ. ಅವ್ವ ಅದರ ಮುಖ ನೋಡಲಿಲ್ಲ. ಆದರೆ ಸಾಲು ಅಲ್ಲಿಗೆ ಬಂದಾಗ, ಪುಟ್ಟ ಕಾಲುಗಳ ಪಕ್ಕ ಜಾಗ ಬಿಟ್ಟು, ಆಚೆಯಿಂದ ಎಲೆ ಮುಂದುವರಿಸಿದಳು. ಬದುವಿನಲ್ಲಿ ಕೂಸು ಮಲಗಿಸಿ ನಾಟಿ ಹಚ್ಚುವವರು ಹಾಗೇ ಮಾಡುತ್ತಾರೆ. ಅವ್ವ ನನ್ನನ್ನು ಬೆಳೆಸಿದ್ದು ಹಾಗೇ.

ಅಣ್ಣ ಸುಮ್ಮನೆ ಕೂರಲಾರದೆ ಒಂದು ಜೋಡಿ ಎಲೆ ಎತ್ತಿ ತಾನೂ ಸಾಲಿನಲ್ಲಿಟ್ಟ. ಅಡಿಕೆಯನ್ನೂ ಇಟ್ಟ. ಅವ್ವ ನೋಡಿದಳು. ಅವನ ಮುಖವನ್ನಲ್ಲ, ಎಲೆಯನ್ನು. ತುದಿ ಈ ಕಡೆ ಇರಬೇಕಾದದ್ದು ಆ ಕಡೆ ತಿರುಗಿತ್ತು. ಅವನ ಕೈಯ ಮೇಲೆ ಫಟ್ಟನೆ ಒಂದು ಹೊಡೆದಳು. ಎಲೆ ತಿರುಗಿಸಿ ನೆಟ್ಟಗೆ ಇಟ್ಟಳು. ಎಷ್ಟೋ ಕಾಲದಿಂದ ಯಾರನ್ನೂ ತಾನಾಗಿ ಮುಟ್ಟದ ಕೈ.

ಅಣ್ಣ ಹೊಡೆತ ಬಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಸವರಿಕೊಂಡ. “ಜೋರಾಗೇ ಹೊಡದ್ಲು ಲೇ,” ಅಂದ ನನಗೆ. ಇನ್ನೊಂದು ಜೋಡಿ ಎಲೆ ಎತ್ತಿಕೊಂಡ. ಈ ಸಲ ತುದಿ ಯಾವ ಕಡೆ ಅಂತ ಅವ್ವನ ಸಾಲನ್ನು ನೋಡಿಕೊಂಡು ಇಟ್ಟ. ಒಳಗಿನಿಂದ ಅತ್ತಿಗೆ ಊಟಕ್ಕೆ ಕರೆಯುತ್ತಲೇ ಇದ್ದಳು. ಕಟ್ಟು ಮುಗಿಯುವ ತನಕ ಅವರಿಬ್ಬರೂ ಏಳಲಿಲ್ಲ.